ಎಂಜಿನ್ನಿನ ಮುಂದಿನ ಹೆಸರುಚೀಟಿ

ಪೇಟ್ಟ, ತಿರುವನಂತಪುರ
೬ ಜನವರಿ ೧೯೭೧, ಬುಧವಾರ

ಅಹಮದಾಬಾದಿನ ಚಳಿಯಲ್ಲಿರುವ ನನ್ನ ಅಚ್ಯುತನಿಗೆ, ಚಳಿಯೆಂಬುದನ್ನೇ ಅರಿಯದ ಈ ಊರಿನಿಂದ ಅಮ್ಮನ ಆಶೀರ್ವಾದಗಳು.

ನಿನ್ನ ಕೆಮ್ಮು ಹೇಗಿದೆ? ಕಮಲ ಕಳುಹಿಸಿದ ಉಣ್ಣೆಯ ಅಂಗಿ ತಲುಪಿತೆ, ತಲುಪಿದ್ದರೆ ಅದನ್ನು ತೊಡುತ್ತಿದ್ದೀಯೋ ಅಥವಾ ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತಿದ್ದೀಯೋ? ಕಳೆದ ಪತ್ರದಲ್ಲಿ ನೀನು ನಿನ್ನ ಆರೋಗ್ಯದ ವಿಷಯ ಬರೆಯುವಾಗ ಆ ಪದದ ಮೊದಲ ದೀರ್ಘವನ್ನು ನುಂಗಿಬಿಟ್ಟಿದ್ದೆ. ಮೂವತ್ತೊಂದು ವರ್ಷ ಮಂಗಳೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡವನ್ನೂ ಗಣಿತವನ್ನೂ ಕಲಿಸಿದವಳ ಮಗನಿಗೆ ಇದು ಒಪ್ಪುವುದಿಲ್ಲ. ಇಲ್ಲಿ ನಿನ್ನ ಹೆಂಡತಿ ಕಮಲ ಕ್ಷೇಮ. ನನ್ನ ಮೊಣಕಾಲು ಮೆಟ್ಟಿಲು ಕಂಡಾಗ ಮಾತ್ರ ತಕರಾರು ಮಾಡುತ್ತದೆ. ಪಕ್ಕದ ಮನೆಯ ವಸಂತಿ ಕೊಟ್ಟ ಎಣ್ಣೆಯನ್ನು ಹಚ್ಚುತ್ತಿದ್ದೇನೆ. ಕಾಲು ನೆಟ್ಟಗಾಗದಿದ್ದರೂ ಅವಳಿಗೆ ಸಮಾಧಾನವಾಗಿದೆ.

ಕುಶಲಪ್ರಶ್ನೆ ಮುಗಿಯಿತು. ಈಗ ವಿಷಯಕ್ಕೆ ಬರುತ್ತೇನೆ, ಕುಳಿತುಕೊಂಡು ಓದು.

ಕಳೆದ ಭಾನುವಾರ ವಸಂತಿಯನ್ನು ಜೊತೆಗೆ ಕರೆದುಕೊಂಡು ಎರ್ನಾಕುಳಕ್ಕೆ ಹೋಗಿದ್ದೆ. ಹವ್ಯಾಸಿಗಳ ಸಂಘದ ಯಂತ್ರಮಾದರಿ ಪ್ರದರ್ಶನದ ಮೊದಲ ದಿನ. ನವೆಂಬರಿನಲ್ಲಿ ನೀನು ಅಹಮದಾಬಾದಿಗೆ ಹೊರಟಾಗ ನನ್ನ ಪುಟ್ಟ ಉಗಿಯ ರೈಲು ಎಂಜಿನ್ನನ್ನು ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟುಕೊಂಡು, ದಾರಿಯಲ್ಲಿ ಎರ್ನಾಕುಳದಲ್ಲಿಳಿದು, ಸಂಘದ ಅರ್ಜಿಯನ್ನು ನೀನೇ ತುಂಬಿ ಸಲ್ಲಿಸಿದ್ದೆಯಲ್ಲ, ಅದಕ್ಕಾಗಿ ನಾನು ನಿನ್ನನ್ನು ಎರಡು ತಿಂಗಳು ಮನಸ್ಸಿನಲ್ಲಿಯೇ ಹೊಗಳಿಕೊಂಡಿದ್ದೆ. ಸಭಾಂಗಣದಲ್ಲಿ ಹಡಗುಗಳಿದ್ದವು, ಗಾಳಿಯಂತ್ರಗಳಿದ್ದವು, ಕಳಮಶ್ಶೇರಿಯ ಕಾರ್ಖಾನೆಯೊಂದರ ನೌಕರರು ಮಾಡಿದ ಪುಟ್ಟದೊಂದು ಕ್ರೇನೂ ಇತ್ತು. ನಡುವಿನ ಮೇಜಿನ ಮೇಲೆ, ಗಾಜಿನ ಹೊದಿಕೆಯೊಳಗೆ, ನನ್ನ ಹದಿನಾಲ್ಕು ಅಂಗುಲದ ಎಂಜಿನ್ನು. ಅದರ ಮುಂದೆ ದಪ್ಪ ಕಾಗದದ ಚೀಟಿ. ಅದರಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು ಇಷ್ಟು: ನಿರ್ಮಾಣ, ದಿವಂಗತ ಶ್ರೀ ಸುಬ್ರಾಯ, ಪ್ರದರ್ಶನಕ್ಕೆ ಕೊಟ್ಟವರು, ಅವರ ಪುತ್ರ ಶ್ರೀ ಅಚ್ಯುತ, ವಿಜ್ಞಾನಿ.

ನಾನು ಕನ್ನಡಕವನ್ನು ಒರೆಸಿ ಇನ್ನೊಮ್ಮೆ ಓದಿದೆ. ಚೀಟಿ ಬದಲಾಗಲಿಲ್ಲ.

ಸಂಘದ ಕಾರ್ಯದರ್ಶಿ ರಾಮದಾಸ ಎಂಬವರು, ರೈಲ್ವೆಯ ಕಾರ್ಯಾಗಾರದಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು, ನಾನು ನಿನ್ನ ತಾಯಿಯೆಂದು ತಿಳಿದು ಓಡಿಬಂದರು. ಕೈಮುಗಿದು, "ಟೀಚರ್ ಭಾಗ್ಯವತಿಯಾಣು! ಇಂಙನೆಯೊರು ಭರ್ತಾವು!" ಎಂದರು. ಇಂಥ ಗಂಡನನ್ನು ಪಡೆದದ್ದು ನನ್ನ ಭಾಗ್ಯವಂತೆ. ಭಾಗ್ಯವೇ ಹೌದು, ಆದರೆ ಆ ಭಾಗ್ಯಕ್ಕೆ ಗೋಡೆಗೆ ಒಂದು ಮೊಳೆ ಹೊಡೆಯಲೂ ಬರುತ್ತಿರಲಿಲ್ಲ ಎಂದೆ. ಹೆಂಡತಿಯ ವಿನೋದವೆಂದು ಭಾವಿಸಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ವಸಂತಿ ನಗಲಿಲ್ಲ. "ಸಾರೇ, ಇದು ಟೀಚರ್ ಉಂಡಾಕ್ಕಿಯದಾ" ಎಂದು ಅವರ ಮುಖಕ್ಕೇ ಹೇಳಿದಳು, ಇದನ್ನು ಮಾಡಿದ್ದು ಟೀಚರೇ ಎಂದು. ಅವರು ಅದಕ್ಕೂ ನಕ್ಕರು.

ಆಗ ನಾನು ಹೇಳಿದೆ: ಬಾಯ್ಲರಿನ ಮೇಲಿನ ಹಸಿರು ತಗಡಿನ ಹೊದಿಕೆಯನ್ನು ಬಿಚ್ಚಿ ನೋಡಿ, ಕೆಳಭಾಗದಲ್ಲಿ ಉದ್ದಕ್ಕೂ ಬೆರಳಗಲದ ತಾಮ್ರದ ಪಟ್ಟಿಯೊಂದು ಇಲ್ಲದಿದ್ದರೆ ನಾನು ಈ ಸಭಾಂಗಣದಿಂದ ಕ್ಷಮೆ ಕೇಳಿ ಹೋಗುತ್ತೇನೆ. ಆ ಪಟ್ಟಿಯ ಕಥೆ ನಿನಗೂ ಗೊತ್ತಿರಲಾರದು, ನೀನು ಆ ವಾರ ತುಂಬಾದ ರಾಕೆಟ್ ಕೇಂದ್ರದಲ್ಲಿಯೇ ಇದ್ದೆ. ಎರಡು ಅಂಗುಲ ವ್ಯಾಸದ ಬಾಯ್ಲರಿಗೆ ಎಷ್ಟು ಅಗಲದ ತಗಡು ಬೇಕು? ಏಳನೆಯ ತರಗತಿಯ ಲೆಕ್ಕ. ನಾನು ಸೂತ್ರ ಹಾಕಿ, ಕಾಗದದ ಮೇಲೆ ಬರೆದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಆರು ಅಂಗುಲ ಮತ್ತು ಕಾಲಿಗಿಂತ ತುಸು ಹೆಚ್ಚು ಕತ್ತರಿಸಿಕೊಂಡು ಚಾಲೈ ಪೇಟೆಯ ಕಂಚುಗಾರ ನಟರಾಜ ಆಚಾರಿಯ ಅಂಗಡಿಗೆ ಒಯ್ದೆ. ಬೆಳ್ಳಿಯ ಬೆಸುಗೆಯನ್ನು ಕಲಿಯಲು ನಾನು ವಾರಕ್ಕೆ ಮೂರು ಬೆಳಿಗ್ಗೆ ಹೋಗುತ್ತಿದ್ದದ್ದು ಅಲ್ಲಿಗೇ. ಆತ ತಗಡನ್ನು ಸುತ್ತಿದ. ಎರಡು ಅಂಚುಗಳು ಮುಖಕ್ಕೆ ಮುಖ ಕೊಟ್ಟು ನಿಂತವು, ಒಂದರ ಮೇಲೊಂದು ಏರಲು ಎಳ್ಳಷ್ಟೂ ತಗಡು ಇರಲಿಲ್ಲ. "ಟೀಚರೇ, ಕಣಕ್ಕು ಶರಿಯಾಣು, ಪಾತ್ರಂ ಶರಿಯಲ್ಲ" ಎಂದ. ಲೆಕ್ಕ ಸರಿಯಿದೆ, ಪಾತ್ರೆ ಸರಿಯಿಲ್ಲ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ, ಸ್ವಲ್ಪ ತಡವಾಗಿ. ಬೇರೆ ತಗಡು ಕೊಡುತ್ತೇನೆಂದ. ನಾನು ಒಪ್ಪಲಿಲ್ಲ. ನನ್ನ ತಪ್ಪನ್ನು ನಾನೇ ಸರಿಪಡಿಸಬೇಕೆಂದು ಕೀಲಿನ ಮೇಲೊಂದು ಪಟ್ಟಿಯಿಟ್ಟು, ಹದಿನೆಂಟು ತಾಮ್ರದ ರಿವೆಟ್ ಹೊಡೆದು, ಬೆಸುಗೆ ಹಾಕಿದೆ. ಕಂಚುಗಾರನಾಗಲಿ ಎಂಜಿನಿಯರನಾಗಲಿ ಈ ತಪ್ಪನ್ನು ಮಾಡುವುದಿಲ್ಲ. ಗಣಿತದ ಅಧ್ಯಾಪಿಕೆ ಮಾತ್ರ ಮಾಡುತ್ತಾಳೆ.

ರಾಮದಾಸರು ಗಾಜನ್ನು ಎತ್ತಿಸಿ, ಸಣ್ಣ ತಿರುಪುಳಿಯಿಂದ ಎರಡು ಹಿತ್ತಾಳೆಯ ಪಟ್ಟಿಗಳನ್ನು ಸಡಿಲಿಸಿ, ಹೊದಿಕೆಯನ್ನು ಜಾರಿಸಿ, ಕೆಳಗೆ ಬೆರಳಾಡಿಸಿದರು. ರಿವೆಟ್ಟುಗಳನ್ನು ಎಣಿಸುತ್ತಿದ್ದುದು ಅವರ ತುಟಿಗಳಿಂದ ತಿಳಿಯುತ್ತಿತ್ತು. ಆಮೇಲೆ ನಗುವನ್ನು ನಿಲ್ಲಿಸಿ, ಒಂದು ಗಂಟೆಯ ಕಾಲ ನನ್ನನ್ನು ಪ್ರಶ್ನೆ ಕೇಳಿದರು. ಹೊರಮೈಯ ನಾನೂರು ಹುಸಿ ರಿವೆಟ್ಟುಗಳನ್ನು ಹೇಗೆ ಮೂಡಿಸಿದಿರಿ? ಮೊಂಡಾದ ಗ್ರಾಮಫೋನ್ ಸೂಜಿಯಿಂದ, ತಗಡಿನ ಹಿಂಬದಿಯಿಂದ, ಸೀಸದ ತುಂಡಿನ ಮೇಲಿಟ್ಟು. ಚಕ್ರಗಳು? ಅವನ್ನೂ ಸಿಲಿಂಡರುಗಳನ್ನೂ ಚಾಲೈಯ ಲೇತಿನಲ್ಲಿ ಮಾಡಿಸಿದ್ದು. ಅದನ್ನು ನಾನು ಮುಚ್ಚಿಡುವವಳಲ್ಲ. ಅಳತೆ ಎಲ್ಲಿಂದ? ಪೇಟ್ಟದ ನಿಲ್ದಾಣದಲ್ಲಿ ಎಂಜಿನ್ನು ನೀರು ಕುಡಿಯುವಾಗ, ಅಂಗುಲದ ಗೆರೆ ಹಾಕಿದ ನನ್ನ ಕೊಡೆಯಿಂದ. ಎಂಜಿನ್ನಿಗೆ ಕಲ್ಲಿದ್ದಲು ಹಾಕುವವನೊಬ್ಬ ಮೇಲಿನಿಂದ "ಅಮ್ಮೂಮ್ಮೇ, ವಾಂಙಾನಾಣೋ?" ಎಂದು, ಅಜ್ಜಿ ಕೊಳ್ಳುವುದಕ್ಕೋ ಎಂದು ಕೂಗಿದ್ದ. ನಾನು ಕೊಡೆಯನ್ನು ಮುಂದಿನ ಚಕ್ರಕ್ಕೆ ಸರಿಸಿದೆ.

ಕೊನೆಗೆ ಏಕೆ ಮಾಡಿದಿರಿ ಎಂದೂ ಕೇಳಿದರು. ನೀನು ಈ ಪ್ರಶ್ನೆಯನ್ನು ಎರಡೂವರೆ ವರ್ಷಗಳಲ್ಲಿ ಒಮ್ಮೆಯೂ ಕೇಳಲಿಲ್ಲ; ಹೊಗೆಯೆಂದೆ, ವಾಸನೆಯೆಂದೆ, "ಅಮ್ಮಾ, ಸುಟ್ಟುಕೊಳ್ಳುತ್ತೀ, ಜನ ಏನೆಂದಾರು" ಎಂದೆ. ಆದ್ದರಿಂದ ನಿನಗೂ ಹೇಳುತ್ತೇನೆ. ಪ್ರತಿ ವರ್ಷ ಗೋಡೆಗೆ ಉಗಿಯಂತ್ರದ ಚಿತ್ರಪಟವನ್ನು ತೂಗುಹಾಕಿ, ಕನ್ನಡ ಪಠ್ಯದಲ್ಲಿದ್ದ ಅದರ ಪಾಠ ಮಾಡುತ್ತಿದ್ದೆ. ಒಮ್ಮೆ ಒಬ್ಬ ಹುಡುಗಿ ಎದ್ದುನಿಂತು, ಯಾವ ಕಡೆಗೆ ಹೋಗಬೇಕೆಂದು ಹಬೆಗೆ ಹೇಗೆ ತಿಳಿಯುತ್ತದೆ ಟೀಚರ್ ಎಂದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು, ದೊಡ್ಡವಳಾದ ಮೇಲೆ ತಿಳಿಯುತ್ತದೆ, ಕುಳಿತುಕೋ ಎಂದೆ. ನಾನು ದೊಡ್ಡವಳಾಗಿಯೇ ಇದ್ದೆನಲ್ಲ! ಈಗ ನನಗೆ ಗೊತ್ತಿದೆ: ಹಬೆಗೆ ಏನೂ ತಿಳಿಯುವುದಿಲ್ಲ, ಜಾರುವ ಒಂದು ಹಿತ್ತಾಳೆಯ ಮುಚ್ಚಳ ಒಮ್ಮೆ ಈ ಬಾಗಿಲನ್ನೂ ಒಮ್ಮೆ ಆ ಬಾಗಿಲನ್ನೂ ತೆರೆಯುತ್ತದೆ. ಆ ಮುಚ್ಚಳವನ್ನು ಏಳು ಸಲ ಅರೆದು ಕೂರಿಸಿದ ಕೈ ಇದು.

ರಾಮದಾಸರು ಎದ್ದುನಿಂತು ನಮಸ್ಕರಿಸಿದರು. ಆದರೆ ಚೀಟಿಯನ್ನು ಬದಲಾಯಿಸಲಿಲ್ಲ. ಅರ್ಜಿಗೆ ಸಹಿ ಹಾಕಿದವರೇ ಲಿಖಿತವಾಗಿ ತಿದ್ದಬೇಕೆಂಬುದು ಸಂಘದ ನಿಯಮವಂತೆ. "ಸಾರ್ ಎಳುದಿಯದಲ್ಲೇ ಟೀಚರೇ" ಎಂದು, ನಿಮ್ಮ ಮಗ ಸಾರ್ ಬರೆದದ್ದಲ್ಲವೇ ಎಂದು, ಸಂಕೋಚದಿಂದ ಕೈ ಹಿಸುಕಿಕೊಂಡರು. ನಿಯಮವನ್ನು ನಾನು ಆಕ್ಷೇಪಿಸುವುದಿಲ್ಲ. ಸುಳ್ಳನ್ನು ಆಕ್ಷೇಪಿಸುತ್ತೇನೆ.

ಮನೆಗೆ ಬಂದು ಕಮಲಳನ್ನು ಕೇಳಿದೆ. ಪಾಪ, ಅತ್ತುಕೊಂಡೇ ಹೇಳಿದಳು, ಅವಳನ್ನು ಬೈಯಬೇಡ. ನಿನ್ನ ಕಛೇರಿಯಲ್ಲಿ ಒಬ್ಬನ ತಂದೆ ಸೇತುವೆ ಕಟ್ಟಿದವರು, ಇನ್ನೊಬ್ಬನ ತಂದೆ ಕಾಲೇಜಿನ ಪ್ರಾಚಾರ್ಯರು. ನಿನ್ನ ಸರದಿ ಬಂದಾಗ, ನನ್ನ ತಂದೆ ಉಗಿಯ ಎಂಜಿನ್ನುಗಳನ್ನು ತಯಾರಿಸುತ್ತಿದ್ದರು ಎಂದೆಯಂತೆ. "ಒಮ್ಮೆ ಬಾಯಿ ಬಿಟ್ಟು ಹೇಳಿಯಾಯ್ತು ಅತ್ತೆ, ಮತ್ತೆ ಇವರು ಎಲ್ಲಿಂದ ತಿರುಗುವುದು?" ಎಂದಳು. ನಾಲ್ವರು ಸಹೋದ್ಯೋಗಿಗಳು ಪ್ರದರ್ಶನದ ಬಹುಮಾನ ಸಮಾರಂಭಕ್ಕೂ ಬರುವವರಿದ್ದಾರಂತೆ.

ನಿನ್ನ ತಂದೆ ತೀರಿಕೊಂಡದ್ದು ೧೯೬೭ರ ಆಗಸ್ಟಿನಲ್ಲಿ. ನಾನು ಮೊದಲ ತಗಡಿಗೆ ಕತ್ತರಿ ಹಾಕಿದ್ದು ೧೯೬೮ರ ಜೂನಿನಲ್ಲಿ. ಉಪಗ್ರಹಗಳ ಕಾಲಗಣನೆ ಮಾಡುವವನಿಗೆ ಈ ಎರಡು ತಾರೀಖುಗಳ ವ್ಯತ್ಯಾಸವನ್ನು ನಾನು ಹೇಳಿಕೊಡಬೇಕೆ? ಅವರು ಮಂಗಳೂರಿನ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರು, ಕೊನೆಗೆ ಮಟ್ಟಾಂಚೇರಿಯ ಶಾಖೆಯಲ್ಲಿ ಗುಮಾಸ್ತರಾಗಿಯೇ ನಿವೃತ್ತರಾದರು. ಮಂಗಳೂರಿನಲ್ಲಿದ್ದಾಗ, ನಾನು ಎಂಟು ಗಂಟೆಗೆ ಶಾಲೆಗೆ ಹೊರಡಬೇಕೆಂದು ಬೆಳಗಿನ ಅಡುಗೆಯನ್ನು ಅವರೇ ಮಾಡುತ್ತಿದ್ದರು. ಅವರ ಅಣ್ಣಂದಿರು ಜಗಲಿಯಲ್ಲಿ ಕುಳಿತು, "ಸುಬ್ರಾಯಾ, ನಾಳೆಯಿಂದ ಬಳೆಯನ್ನೂ ತೊಟ್ಟುಕೊ" ಎಂದರೆ, ಸಾರಿಗೆ ಒಗ್ಗರಣೆ ಹಾಕಿ ಬಂದು, "ಅಳತೆ ತೆಗೆದುಕೊಳ್ಳಿ, ತೊಟ್ಟುಕೊಳ್ಳುತ್ತೇನೆ" ಎನ್ನುತ್ತಿದ್ದರು. ನಾನು ಬರೆದ ಗಣಿತದ ಅಭ್ಯಾಸಪುಸ್ತಕವನ್ನು ಮುದ್ರಿಸಿದವರು ಮುಖಪುಟದಲ್ಲಿ ಅವರ ಹೆಸರನ್ನು ಅಚ್ಚುಹಾಕಿಬಿಟ್ಟಿದ್ದರು, ಹೆಂಗಸು ಬರೆದಿರಲಾರಳೆಂದು. ನೆನಪಿದೆಯೇ? ಮುನ್ನೂರು ಪ್ರತಿಗಳಿಗೂ ನನ್ನ ಹೆಸರಿನ ಚೀಟಿಯನ್ನು ಅವರು ಕೈಯಾರೆ ಅಂಟಿಸಿದರು. ನಿನಗೆ ಆಗ ಎಂಟು ವರ್ಷ. ಮೈದಾಹಿಟ್ಟಿನ ಅಂಟಿನ ಬಟ್ಟಲನ್ನು ಹಿಡಿದುಕೊಂಡು ಅವರ ಪಕ್ಕದಲ್ಲಿ ಕುಳಿತಿದ್ದವನು ನೀನು. ಬದುಕಿರುವಷ್ಟು ಕಾಲ ನನ್ನ ಒಂದು ಅಕ್ಷರವನ್ನೂ ತನ್ನದೆನ್ನದ ಮನುಷ್ಯನನ್ನು, ಸತ್ತ ಮೇಲೆ ನೀನು ಕಳ್ಳನನ್ನಾಗಿ ಮಾಡಿದ್ದೀಯೆ. ನನಗಾದ ಅವಮಾನವನ್ನು ನಾನು ಸಹಿಸಬಲ್ಲೆ, ಅವರಿಗಾದದ್ದನ್ನು ಸಹಿಸುವುದಿಲ್ಲ. ಅವರ ಮಗನೆಂದು ಹೇಳಿಕೊಳ್ಳಲು ಎಂಜಿನ್ನು ಬೇಕೇ? ಆ ಮುನ್ನೂರು ಚೀಟಿಗಳ ಕಥೆಯನ್ನು ನಿನ್ನ ವಿಜ್ಞಾನಿಗಳಿಗೆ ಹೇಳಿ ನೋಡು. ಸೇತುವೆ ಕಟ್ಟಿದವರ ಮಗ ತಲೆಯೆತ್ತಿದರೆ ಆಮೇಲೆ ನನಗೆ ಬರೆ.

ಕೋಪದಲ್ಲಿ ಬರೆದಿದ್ದೇನೆ, ಆದರೆ ಎರಡು ಸಲ ಓದಿ, ಒಂದು ಪದವನ್ನೂ ಹೊಡೆದುಹಾಕಬೇಕಾಗಿಲ್ಲವೆಂದು ಖಚಿತಪಡಿಸಿಕೊಂಡಿದ್ದೇನೆ. ರಾತ್ರಿ ಕಿವಿಗೆ ಗಾಳಿ ಬೀಳದಂತೆ ಮಲಗು, ಹೊರಗಿನ ಮಜ್ಜಿಗೆ ಕುಡಿಯಬೇಡ. ನಿನ್ನ ಆಯುಸ್ಸು ಬೆಳೆಯಲಿ, ಬೆನ್ನುಮೂಳೆಯೂ ಅದರೊಂದಿಗೆ ಬೆಳೆಯಲಿ.

ಇಂತು ನಿನ್ನ ತಾಯಿ,
ಹರಿಣಾಕ್ಷಿ

ಮರೆತ ಮಾತು: ಬೆಳಿಗ್ಗೆ ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅಂಚೆಯವನು ರಾಮದಾಸರ ಕಾಗದವನ್ನು ತಂದ. ಈಗ ಸಂಜೆಯ ಅಂಚೆಗೆ ಹಾಕಲು ಕಮಲ ಚಪ್ಪಲಿ ಮೆಟ್ಟಿ ಕಾಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಎಂಜಿನ್ನಿಗೆ ಪ್ರಥಮ ಬಹುಮಾನ. ಇಪ್ಪತ್ತನಾಲ್ಕರ ಭಾನುವಾರ ಸಂಜೆ ಐದಕ್ಕೆ ಸಮಾರಂಭ. ದಿವಂಗತರ ಪರವಾಗಿ ಅವರ ಪತ್ನಿ ವೇದಿಕೆಗೆ ಬಂದು ಸ್ವೀಕರಿಸಬೇಕಂತೆ. ನಿನ್ನ ಬರಹ ಬಾರದೆ ಬೇರೆ ಹೆಸರು ಕೂಗಲು ತಮಗೆ ಅಧಿಕಾರವಿಲ್ಲವೆಂದು ಕ್ಷಮೆ ಕೇಳಿದ್ದಾರೆ. ನಾನು ಹೋಗುತ್ತೇನೆ. ವೇದಿಕೆಯ ಮೇಲೆ ಹೇಳಲು ಮಲಯಾಳದಲ್ಲಿ ಮೂರು ವಾಕ್ಯಗಳನ್ನು ಬರೆದುಕೊಂಡಿದ್ದೇನೆ. ಮೊದಲನೆಯದು ಸಂಘಕ್ಕೆ ವಂದನೆ, ಎರಡನೆಯದು ನಟರಾಜ ಆಚಾರಿಗೆ. ಅವೆರಡನ್ನೂ ವಸಂತಿ ತಿದ್ದಿಕೊಟ್ಟಳು. ಮೂರನೆಯದನ್ನು ನಾನು ಅವಳಿಗೆ ತೋರಿಸಿಲ್ಲ, ತಪ್ಪಿದ್ದರೆ ಇರಲಿ. ಅದಕ್ಕೆ ಮೊದಲು, ಇಪ್ಪತ್ತನೆಯ ತಾರೀಖಿನೊಳಗೆ, ಎಂಜಿನ್ನು ಮಾಡಿದವರು ನನ್ನ ತಾಯಿ ಎಂದು ನಾಲ್ಕು ಪದಗಳ ತಂತಿಯನ್ನು ರಾಮದಾಸರಿಗೆ ಕಳುಹಿಸು. ತಂತಿ ಬಂದರೂ ಬಾರದಿದ್ದರೂ ಮೂರನೆಯ ವಾಕ್ಯವನ್ನು ನಿನ್ನ ನಾಲ್ವರ ಮುಂದೆ ಹೇಳಿಯೇ ಹೇಳುತ್ತೇನೆ. ಬಂದರೆ ಸಂತೋಷದಿಂದ ಹೇಳುತ್ತೇನೆ, ಅಷ್ಟೇ ವ್ಯತ್ಯಾಸ.