ಹೆಲ್ಮೆಟ್ ಉದಾಹರಣೆ

ಮಂಗಳವಾರ, ಜುಲೈ ೧೫

ನನ್ನ ಮೇಲೆ ನನಗೇ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಭದ್ರಾವತಿಯ ಕಾಲೇಜಿನಲ್ಲಿ ಇವತ್ತು ಫಸ್ಟ್ ಪಿಯುಸಿಗೆ ಫಿಸಿಕ್ಸಿನ ಇಂಪಲ್ಸ್ ಪಾಠ. ಪ್ರತಿ ವರ್ಷದ ಹಾಗೆ ಹೆಲ್ಮೆಟ್ ಉದಾಹರಣೆ ಕೊಟ್ಟೆ: ಬಿದ್ದಾಗ ತಲೆಯ ಸಂವೇಗ ಸೊನ್ನೆಯಾಗಲೇಬೇಕು; ಒಳಗಿನ ಥರ್ಮಾಕೋಲ್ ಕುಗ್ಗುತ್ತಾ ಅದಕ್ಕೆ ಹೆಚ್ಚು ಸಮಯ ಕೊಡುತ್ತದೆ, ಸಮಯ ಹೆಚ್ಚಿದಷ್ಟೂ ಪೆಟ್ಟಿನ ಬಲ ಕಡಿಮೆ. "ಹಾಕಿದವರು ಉಳೀತಾರೆ, ಅಷ್ಟೇ" ಎಂದು ಮುಗಿಸಿದೆ.

ಕಾಗದನಗರದಿಂದ ಬರುವ ಶರಣ್ಯಾ ಎದ್ದು ನಿಂತಳು. "ನಮ್ಮಣ್ಣ ಹಾಕಿದ್ದ ಮೇಡಂ."

ಬೇಸಿಗೆಯಲ್ಲಿ ಅವಳ ಅಣ್ಣ ಬೈಕಿನಿಂದ ಬಿದ್ದು ತೀರಿಕೊಂಡದ್ದು ನನಗೆ ಗೊತ್ತಿರಲಿಲ್ಲ. ವೇಗ ವಿಪರೀತವಾದರೆ ಆ ಸಮಯ ಸಾಲುವುದಿಲ್ಲ, ಅದೇ ಉತ್ತರ. ಹೇಳಿದರೆ ತಪ್ಪು ಅವನದೇ ಎಂದಂತಾಗುತ್ತಿತ್ತು. "ಕೂತ್ಕೋಮ್ಮ" ಎಂದೆ. ಛೆ, ಅಷ್ಟೇ ಹೊಳೆದದ್ದು.

ಪಾಠ ಮುಗಿದ ಮೇಲೆ ಅವಳೇ ಸ್ಟಾಫ್ ರೂಮಿಗೆ ಬಂದಳು. "ಎಷ್ಟು ಸ್ಪೀಡಲ್ಲಿದ್ದಿದ್ರೆ ಉಳೀತಿದ್ದ? ಲೆಕ್ಕ ಹೇಳ್ಕೊಡಿ ಮೇಡಂ. ಮನೇಲಿ ಎಲ್ರೂ ಹಣೆಬರಹ ಅಂತಾರೆ, ನಂಗೆ ಅದು ಸಾಕಾಗ್ತಿಲ್ಲ."

"ನಾಳೆ ಮಾಡೋಣ" ಎಂದು ತಪ್ಪಿಸಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ.

ನಾಳೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಮಾಡಲೇಬೇಕು, ಉತ್ತರ ಏನೇ ಬರಲಿ. ಆದರೆ ಲೆಕ್ಕದ ಮೊದಲ ಸಾಲಿನಲ್ಲೇ ಅವಳ ಅಣ್ಣನ ತೂಕ ಬರೆಯಬೇಕು, ಅದನ್ನು ಅವಳನ್ನೇ ಕೇಳಬೇಕು, ಹೇಗೆ ಕೇಳಲಿ?