ಬ್ಲೀಚಿಂಗ್ ಪೌಡರ್ ಹಾಕಿ ತೊಳೆದ ಅಂಬಲಿ ಗಡಿಗೆ

ಮಾನ್ಯ ಆಹಾರ ತಪಾಸಣಾಧಿಕಾರಿಗಳೇ,

ಕಳೆದ ಮಂಗಳವಾರ ಬೆಳಿಗ್ಗೆ ಶಿವಾಜಿನಗರದ ನಮ್ಮ ಓಣಿಯ ಮೂಲೆಯಲ್ಲಿ ನೀವು ವೆಂಕಟಮ್ಮನವರ ಗಾಡಿಯ ರಾಗಿ ಅಂಬಲಿಯನ್ನು ಚರಂಡಿಗೆ ಚೆಲ್ಲಿಸಿದಿರಿ. ಗಡಿಗೆಯ ಮುಚ್ಚಳ ತೆಗೆದು, ಮೂಗು ಮುಂದೆ ಮಾಡಿ, "ಹುಳಿ ವಾಸ್ನೆ ಬರ್ತಿದೆ, ಹಳಸೋಗಿದೆ" ಎಂದಿರಿ. ಹೌದು ಸ್ವಾಮಿ, ಹುಳಿ ಬಂದಿತ್ತು. ಅಂಬಲಿಯಿಂದ ಮಲ್ಲಿಗೆಯ ಘಮ ಬರಬೇಕಿತ್ತೇ? ನಿಮ್ಮ ಮನೆಯಲ್ಲಿ ದೋಸೆ ಹಿಟ್ಟು ಉಬ್ಬಿದರೆ ಅದನ್ನೂ ಚೆಲ್ಲಿ ಉಪವಾಸ ಕೂರುತ್ತೀರಾ? ಹಾಲು ಮೊಸರಾದರೆ ಪಂಚನಾಮೆ ಬರೆಯುತ್ತೀರಾ?

ಅದೇ ವಾರ ನಿಮ್ಮ ಕಚೇರಿಯ ಗೇಟಿಗೆ ಒಂದು ಬ್ಯಾನರ್ ಕಟ್ಟಿತ್ತು: "ಹುದುಗಿಸಿದ ಆಹಾರ, ಹೊಟ್ಟೆಗೆ ಆಧಾರ". ಅದರಲ್ಲಿ ಅಂಬಲಿಯ ಚಿತ್ರವೂ ಇತ್ತು. ಚಿತ್ರಕ್ಕೆ ವಾಸನೆ ಇರುವುದಿಲ್ಲವಲ್ಲ, ಹಾಗಾಗಿ ಅದು ಉಳಿದುಕೊಂಡಿತು.

ನಾನು ಅದೇ ಓಣಿಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಹೋದ ವರ್ಷ ಜ್ವರಕ್ಕೆ ನುಂಗಿದ ಆ್ಯಂಟಿಬಯೋಟಿಕ್ ಮಾತ್ರೆಗಳು ಜ್ವರದ ಜೊತೆಗೆ ನನ್ನ ಹೊಟ್ಟೆಯನ್ನೂ ಕೆಡಿಸಿದವು. ತಿಂದದ್ದು ನಿಲ್ಲುತ್ತಿರಲಿಲ್ಲ. "ಮೊಸರು, ಇಡ್ಲಿ, ಅಂಬಲಿ ತಗೊಳ್ಳಿ, ಹೊಟ್ಟೆಗೆ ಬೇಕಾದ ಒಳ್ಳೇ ಜೀವಾಣುಗಳು ಅದ್ರಲ್ಲಿರ್ತವೆ" ಎಂದರು ಡಾಕ್ಟರು. ಅಂದಿನಿಂದ ಬೆಳಿಗ್ಗೆ ಶಟರ್ ಎತ್ತುವ ಮೊದಲು ವೆಂಕಟಮ್ಮನವರ ಗಾಡಿಯ ಮುಂದೆ ನಿಲ್ಲುತ್ತೇನೆ. ಅಂಬಲಿ ಸಕಲ ರೋಗಕ್ಕೂ ಮದ್ದೆಂದು ನಾನು ಹೇಳುತ್ತಿಲ್ಲ. ನನ್ನ ಹೊಟ್ಟೆ ನೆಟ್ಟಗಾಯಿತು, ಅಷ್ಟೇ. ನೀರು ಪರೀಕ್ಷಿಸಿ, ಲೋಟ ಪರೀಕ್ಷಿಸಿ, ನೊಣ ಕಂಡರೆ ದಂಡ ಹಾಕಿ. ಯಾರೂ ಬೇಡವೆನ್ನುವುದಿಲ್ಲ.

ಆದರೆ ನೀವು ಅಲ್ಲಿಗೆ ನಿಲ್ಲಿಸಲಿಲ್ಲ. ಗಡಿಗೆಯನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿದಿರಿ. ಹಾಲಿಗೆ ಹೆಪ್ಪು ಹಾಕುವ ಹಾಗೆ, ನಾಳೆಯ ಅಂಬಲಿ ಹುಳಿಯಲೆಂದು ಇವತ್ತಿನದನ್ನು ಒಂದಿಷ್ಟು ತಳದಲ್ಲಿ ಉಳಿಸಬೇಕು. ವೆಂಕಟಮ್ಮ ತಮ್ಮ ಅತ್ತೆಯ ಕಾಲದಿಂದ ಅದನ್ನು ಬತ್ತಲು ಬಿಟ್ಟಿರಲಿಲ್ಲ. "ತಳದಲ್ಲಿ ಒಂದ್ ತೊಟ್ಟೂ ಬಿಡ್ಲಿಲ್ಲ ಭಾಯ್. ನಾಳೆ ಏನ್ ಹಾಕ್ಲಿ?" ಎಂದು ಖಾಲಿ ಗಡಿಗೆ ಹಿಡಿದು ನಿಂತರು. ಅದರ ಮೇಲೆ, ಇನ್ನು ಇಲ್ಲಿ ಗಾಡಿಯನ್ನೇ ಇಡುವಂತಿಲ್ಲವೆಂದು ಆದೇಶಿಸಿದಿರಿ. ಹಳಸಿದ್ದು ನಿಮ್ಮ ಆ ಆದೇಶ, ಅಂಬಲಿಯಲ್ಲ.

ವೆಂಕಟಮ್ಮನವರ ಪ್ರಶ್ನೆಗೆ ಉತ್ತರ ಕೊಟ್ಟವಳು ನನ್ನ ಹೆಂಡತಿ ಉಮ್ಮೆ ಕುಲ್ಸುಂ. ರಂಜಾನಿನಲ್ಲಿ ನಸುಕಿನ ಸಹರಿ ಊಟಕ್ಕೆಂದು ವೆಂಕಟಮ್ಮನವರಿಂದ ಒಂದು ಲೋಟ ಅಂಬಲಿ ತಂದವಳು, ಆಮೇಲೂ ಮನೆಯಲ್ಲಿ ಅದನ್ನೇ ಬೆಳೆಸಿಕೊಂಡು ಬಂದಿದ್ದಳು. ಒಳಗೆ ಹೋಗಿ ಪಾತ್ರೆ ತಂದಳು. "ನಿಮ್ದೇ ಹುಳಿ ಇದು, ತಗೊಳ್ರೀ" ಎಂದಳು. ಅದನ್ನು ಕಂಡು ಅಕ್ಕಪಕ್ಕದವರೂ ಹೆಪ್ಪಿಗೆಂದು ಒಂದೊಂದು ಲೋಟ ಕೇಳಿ ಒಯ್ದರು.

ಆದ್ದರಿಂದ ನಮ್ಮ ಬೇಡಿಕೆ ಇದು: ಆದೇಶವನ್ನು ಹಿಂದಕ್ಕೆ ಪಡೆಯಿರಿ. ಹುಳಿತದ್ದಕ್ಕೂ ಹಳಸಿದ್ದಕ್ಕೂ ಇರುವ ವ್ಯತ್ಯಾಸವನ್ನು ಅದೇ ಮೂಲೆಗೆ ಬಂದು, ಒಂದು ಲೋಟ ಕುಡಿದು, ವೆಂಕಟಮ್ಮನವರ ಎದುರಿಗೇ ಹೇಳಿ. ಸೋಮವಾರ ಬೆಳಿಗ್ಗೆ ಗಾಡಿ ಅಲ್ಲೇ ಇರುತ್ತದೆ, ನಾವೂ ಇರುತ್ತೇವೆ. ಮತ್ತೆ ಚೆಲ್ಲಿಸುವ ಮನಸ್ಸಿದ್ದರೆ ಜನ ಹೆಚ್ಚು ಕರೆತನ್ನಿ. ಅಂದು ಇದ್ದದ್ದು ಒಂದು ಗಡಿಗೆ. ಈಗ ಓಣಿಯ ಪ್ರತಿ ಅಡುಗೆಮನೆಯಲ್ಲೂ ಒಂದೊಂದಿದೆ.

ಇಂತಿ,
ಕಣ್ಣಿಗೆ ಕನ್ನಡಕ ಕೊಡಬಲ್ಲ, ಮೂಗಿಗೆ ಕೊಡಲಾರದ
ಜಿಯಾವುಲ್ಲಾ,
ಶಿವಾಜಿನಗರ