ಹುತ್ತದಜ್ಜನ ಮುನಿಸು

ತುಬಿಗೊನ್, ಬೊಹೋಲ್
೧೪ ಆಗಸ್ಟ್ ೨೦೧೬

ಪ್ರೀತಿಯ ನಾದಿನಿ ನತಿಗೆ,

ಎರಡು ಪತ್ರ ಬರೆದರೂ ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ನನಗೆ ಪೆನ್ನು ಹಿಡಿಯುವುದೇ ಮರೆತಿತ್ತು. ಮೊದಲೇ ಹೇಳಿಬಿಡುತ್ತೇನೆ, ನಿನ್ನಣ್ಣ ದೊರೊ ಬದುಕಿದ್ದಾರೆ.

ಮೂತ್ರಕ್ಕೆ ಹೋಗಿ ಬಂದಾಗಲೆಲ್ಲ ಅವರಿಗೆ ತಲೆ ಸಿಡಿತ, ಎದೆ ಡವಡವ, ಮೈಯೆಲ್ಲ ಬೆವರು. ಒಂದು ದಿನ ಬಾಳೆಯ ಮರೆಯಲ್ಲಿ ನಿಂತವರು ಅಲ್ಲೇ ಬಿದ್ದರು. ಪಕ್ಕದಲ್ಲೇ ಹುತ್ತ, ಅದರೊಳಗೆ ಕಣ್ಣಿಗೆ ಕಾಣದ ಅಜ್ಜ ಇರುತ್ತಾನಂತಲ್ಲ. ಇನ್ನೇನು ಬೇಕು ನಮ್ಮ ಜನಕ್ಕೆ! "'ತಾಬಿ ಅಜ್ಜಾ, ಕ್ಷಮಿಸು' ಅಂತ ಕೇಳಿ ನಿಂತ್ಯೇನಯ್ಯ?" ಎಂದ ನಾಟಿಮದ್ದಿನ ಮುದುಕ. "ಹುತ್ತದಜ್ಜನ ತಲೆ ಮೇಲೆ ಹುಯ್ದು, ಈಗ ನಿನ್ ತಲೆ ನೋವು ಅಂದ್ರೆ?" ಹುತ್ತದ ಮುಂದೆ ಉಪ್ಪಿಲ್ಲದ ಕೋಳಿ, ಉಪ್ಪಿಲ್ಲದ ಅನ್ನ ಎಡೆ ಇಟ್ಟೆವು. ಆಮೇಲೆ ದೊರೊ ಮನೆಯ ಕಕ್ಕಸಿನಲ್ಲೂ ಗಟ್ಟಿಯಾಗಿ ತಾಬಿ ಹೇಳತೊಡಗಿದರು. ನಾವು ನಗುತ್ತಿದ್ದೆವು. ತಲೆನೋವು ಮಾತ್ರ ಬಿಡಲಿಲ್ಲ.

ಮೂತ್ರದಲ್ಲಿ ರಕ್ತ ಕಂಡ ಮೇಲೆ ಸೆಬುವಿನ ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಮೂತ್ರಕೋಶದಲ್ಲಿ ಗಡ್ಡೆ. ನಾಳೆಯೇ ಒಂದು ಚೂರು ಕತ್ತರಿಸಿ ನೋಡೋಣ ಎಂದರು ಅಲ್ಲಿಯ ಡಾಕ್ಟರು. ಅಷ್ಟರಲ್ಲಿ ದೊರೊ ಕಕ್ಕಸಿಗೆ ಹೋಗುತ್ತ "ತಾಬಿ!" ಎಂದು ಕೂಗಿದ್ದು ಹಿರಿಯ ಡಾಕ್ಟರಮ್ಮನ ಕಿವಿಗೆ ಬಿತ್ತು. "ಏನಪ್ಪಾ, ಅಜ್ಜ ನಿನ್ ಜೊತೆ ಹಡಗು ಹತ್ತಿ ಬಂದ್ನಾ?" ಎಂದು ನಕ್ಕವರು, ಕಥೆಯೆಲ್ಲ ಕೇಳಿ, ತಲೆನೋವು ಯಾವಾಗ ಬರುವುದೆಂದು ಕೆದಕಿ ವಿಚಾರಿಸಿದರು. ಮೂತ್ರಕ್ಕೆ ಹೋಗುವ ಮೊದಲೂ ಬಂದ ಮೇಲೂ ಬಿ.ಪಿ. ನೋಡಿಸಿದರು. ಬಂದ ಮೇಲೆ ಗಗನಕ್ಕೇರಿತ್ತು. "ಯಾರೂ ಅದನ್ನ ಮುಟ್ಟಬೇಡಿ! ಇದು ತೀರಾ ಅಪರೂಪದ ಗಡ್ಡೆ. ಮೂತ್ರಕೋಶ ಹಿಂಡಿದಾಗಲೆಲ್ಲ ಬಿ.ಪಿ. ಏರಿಸೋ ರಸ ರಕ್ತಕ್ಕೆ ಬಿಡುತ್ತೆ. ಹಾಗೇ ಕತ್ತರಿ ಹಾಕಿದ್ರೆ ಮೇಜಿನ ಮೇಲೇ ಪ್ರಾಣ ಹೋಗ್ಬಹುದು" ಎಂದರು. ಮೊದಲು ಮಾತ್ರೆ ಕೊಟ್ಟು ಬಿ.ಪಿ. ಹದಕ್ಕೆ ತಂದರು. ಆಮೇಲೆ ಮೂತ್ರಕೋಶದ ಆ ಭಾಗವನ್ನಷ್ಟೇ ತೆಗೆದರು.

ಈಗ ದೊರೊ ಗಂಜಿ ಕುಡಿಯುತ್ತಾರೆ, ಉಪ್ಪು ಕಮ್ಮಿ ಎಂದು ಜಗಳಕ್ಕೂ ಬರುತ್ತಾರೆ. ಆದರೆ ನನಗೆ ಸಮಾಧಾನವಿಲ್ಲ. ಇದು ಕೆಲವು ಮನೆತನಗಳಲ್ಲಿ ರಕ್ತದಲ್ಲೇ ಬರುತ್ತದಂತೆ, ಒಡಹುಟ್ಟಿದವರೂ ಮಕ್ಕಳೂ ಪರೀಕ್ಷೆ ಮಾಡಿಸಬೇಕಂತೆ. ನಿಮ್ಮಪ್ಪ ಗದ್ದೆಯ ಬದುವಿನಲ್ಲಿ ಹಾಗೇ ಬಿದ್ದು ತೀರಿಕೊಂಡರಲ್ಲ, ಊರೆಲ್ಲ ಕುಡಿದು ಬಿದ್ದ ಎಂದಿತ್ತು. ನತಿ, ನನಗೆ ಭಯವಾಗುತ್ತಿದೆ. ಉದಾಸೀನ ಮಾಡಬೇಡ ಮಾರಾಯ್ತಿ, ನಾಳೆಯೇ ಹೋಗಿ ತೋರಿಸಿಕೋ.

ನಮ್ಮ ಬಾಲಯೇಸು ಸಾಂತೊ ನಿನ್ಯೊ ನಿನ್ನ ಮನೆಯ ಬಾಗಿಲು ಕಾಯಲಿ.

ನಿನ್ನ ಅತ್ತಿಗೆ,
ಪಿನಾ

ವಿ.ಸೂ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಈಗಷ್ಟೇ ನಮ್ಮ ಮಗಳು ಜೆನೆಲಿನ್ ಕಕ್ಕಸಿನಿಂದ ಬಂದವಳು ತಲೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಹಣೆಯೆಲ್ಲ ಬೆವರು. "ಏನಾಯ್ತೇ?" ಎಂದೆ. "ಏನಿಲ್ಲಮ್ಮ," ಎಂದಳು, "ತಾಬಿ ಹೇಳೋದು ಮರೆತೆ."